ಅಂಡಮಾನಿನಲ್ಲಿ ಒಂದೇ ದಿನದ ಗುಂಪು ಪ್ರವಾಸ: ವಯಸ್ಸಾದವರನ್ನು ಬಾರಾಟಾಂಗ್‌ಗೆ ಕರೆದೊಯ್ಯಬಹುದೇ?

ಪ್ರಶ್ನೆ (ಬ್ರಹ್ಮಪುರ, ಕಲಬುರಗಿ)

ಎಲ್ಲರಿಗೂ ಶರಣು. ಬರುವ ಜನವರಿಯಲ್ಲಿ ನಮ್ಮ ಓಣಿಯ ಮೂರು ಮನೆಯವರು, ಒಟ್ಟು ಹದಿನಾಲ್ಕು ಜನ, ಚೆನ್ನೈವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ವಿಮಾನದಲ್ಲಿ ಅಂಡಮಾನಿಗೆ ಹೊರಟಿದ್ದೇವೆ. ಪೋರ್ಟ್ ಬ್ಲೇರ್‌ನಲ್ಲಿ, ಅಂದರೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರಾದ ಊರಿನಲ್ಲಿ, ನಮಗೆ ಒಂದು ಪೂರ್ತಿ ದಿನ ಬಿಡುವಿದೆ. ಆ ದಿನಕ್ಕೆ ಟ್ರಾವೆಲ್ಸ್‌ನವರು ಎರಡು ಪ್ರವಾಸಗಳನ್ನು ಮುಂದಿಟ್ಟಿದ್ದಾರೆ. ಒಂದು, ನಸುಕಿನ ಮೂರೂವರೆಗೆ ಹೊರಟು ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗವಿಗಳನ್ನು ನೋಡಿ ಸಂಜೆಗೆ ಮರಳುವುದು. ಇನ್ನೊಂದು, ರಾಸ್ ದ್ವೀಪ ಮತ್ತು ನಾರ್ತ್ ಬೇ ನೋಡಿಕೊಂಡು ಸಂಜೆ ಸೆಲ್ಯುಲರ್ ಜೈಲಿಗೆ ಬರುವುದು.

ಹುಡುಗರೆಲ್ಲ ಬಾರಾಟಾಂಗ್ ಎನ್ನುತ್ತಿದ್ದಾರೆ. ನಮ್ಮ ತಾಯಿಯವರಿಗೆ ಎಪ್ಪತ್ತೊಂದು ವರ್ಷ. ಶರಣಬಸವೇಶ್ವರ ಗುಡಿಗೆ ತಾವೇ ನಡೆದು ಹೋಗಿ ಬರುತ್ತಾರೆ, ಆದರೆ ಮೆಟ್ಟಿಲು ಇಳಿಯುವಾಗ ಮೊಣಕಾಲು ನೋವಿನಿಂದ ಯಾರದಾದರೂ ಕೈ ಬೇಕಾಗುತ್ತದೆ. ಅವರು ಇದುವರೆಗೆ ಸಮುದ್ರವನ್ನೇ ನೋಡಿದವರಲ್ಲ. ಅವರನ್ನು ಬಾರಾಟಾಂಗ್‌ಗೆ ಕರೆದೊಯ್ಯುವುದು ಸರಿಯೇ? ಇನ್ನೊಂದು ಮಾತು: ದಾರಿಯಲ್ಲಿ ಅಲ್ಲಿನ ಕಾಡಿನ ಆದಿವಾಸಿಗಳಾದ ಜರವಾ ಜನರನ್ನೂ ತೋರಿಸುತ್ತೇವೆ ಎಂದು ಏಜೆಂಟರು ಒತ್ತಿ ಹೇಳಿದ್ದು ನನಗೆ ಹಿಡಿಸಲಿಲ್ಲ. ಹೋಗಿ ಬಂದವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಬೀದರ್)

ನಾನು ನಿವೃತ್ತ ಶಿಕ್ಷಕ. ಎರಡು ವರ್ಷಗಳ ಹಿಂದೆ ಇಪ್ಪತ್ತು ಜನರ ಗುಂಪಿನಲ್ಲಿ ಎರಡೂ ಪ್ರವಾಸಗಳನ್ನು ಮಾಡಿ ಬಂದಿದ್ದೇನೆ. ನಿಮ್ಮ ತಾಯಿಯವರನ್ನು ಬಾರಾಟಾಂಗ್‌ಗೆ ಕರೆದೊಯ್ಯಬೇಡಿ ಎಂಬುದೇ ನನ್ನ ಅಭಿಪ್ರಾಯ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಬಾರಾಟಾಂಗ್ ಸುಮಾರು 100 ಕಿಲೋಮೀಟರ್ ದೂರವಿದೆ. ದಾರಿ ಜರವಾ ಮೀಸಲು ಅರಣ್ಯದ ಮೂಲಕ ಹೋಗುವುದರಿಂದ ಜಿರ್ಕಾಟಾಂಗ್ ತನಿಖಾ ಠಾಣೆಯಲ್ಲಿ ಎಲ್ಲ ವಾಹನಗಳನ್ನೂ ನಿಲ್ಲಿಸಿ, ಗುರುತಿನ ಚೀಟಿ ಪರಿಶೀಲಿಸಿ, ನಿಗದಿತ ವೇಳೆಗೆ ಪೊಲೀಸರ ಬೆಂಗಾವಲಿನಲ್ಲಿ ಸಾಲಾಗಿ ಬಿಡುತ್ತಾರೆ. ಬೆಳಗಿನ ಮೊದಲ ಸಾಲು ತಪ್ಪಿತೆಂದರೆ ಇಡೀ ದಿನದ ಲೆಕ್ಕ ಕೆಡುತ್ತದೆ. ನಮ್ಮ ವಾಹನದವರು ತಡವಾಗಿ ಬಂದದ್ದರಿಂದ ನಾವು ಆ ಠಾಣೆಯ ಮುಂದೆ ಮೂರು ಗಂಟೆ ಕುಳಿತೆವು. ಆ ಹೊತ್ತಿಗೆ ಹೆಂಗಸರು ಶೌಚಾಲಯಕ್ಕೆ ಪಟ್ಟ ಪಾಡನ್ನು ನಾನು ಮರೆಯಲಾರೆ. ಕಾಡು ದಾಟಿದ ಮೇಲೆ ವಾಹನವನ್ನೇ ಹೊತ್ತು ಸಾಗುವ ಹಡಗಿನಲ್ಲಿ ಒಂದು ಕಡಲಗಾಲುವೆ ದಾಟಬೇಕು. ಅಲ್ಲಿಂದ ಸಣ್ಣ ದೋಣಿ, ಅದಾದ ಮೇಲೆ ಒಂದು ಕಿಲೋಮೀಟರಿಗೂ ಮಿಕ್ಕಿದ ಏರುತಗ್ಗಿನ ಕಾಲುದಾರಿ.

ಕಷ್ಟವಾಗುವುದು ನಡಿಗೆಯಲ್ಲ, ದೋಣಿ ಹತ್ತುವುದು. ಕಟ್ಟೆಯ ಅಂಚಿನಲ್ಲಿ ದೋಣಿ ಒಂದು ಮೊಳ ಮೇಲೇಳುತ್ತದೆ, ಒಂದು ಮೊಳ ಇಳಿಯುತ್ತದೆ. ಅದು ಮೇಲೆ ಬಂದ ಕ್ಷಣಕ್ಕೆ ಸರಿಯಾಗಿ ಹೆಜ್ಜೆ ಇಡಬೇಕು. ನಮ್ಮ ಗುಂಪಿನ ಹಿರಿಯ ತಾಯಿಯೊಬ್ಬರು ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ದೋಣಿಯ ಅಂಚಿನ ಮೇಲೆ ಇಟ್ಟು ನಿಂತುಬಿಟ್ಟಾಗ, ದೋಣಿಯ ಹುಡುಗ ಎರಡೂ ತೋಳು ಹಿಡಿದು ಎತ್ತಿಕೊಂಡದ್ದರಿಂದ ಉಳಿದರು. ಅಷ್ಟೆಲ್ಲ ಮಾಡಿ ಗವಿಯೊಳಗೆ ನಾವು ಇದ್ದದ್ದು ಅರ್ಧ ಗಂಟೆ. ಗಟ್ಟಿಮುಟ್ಟಾದವರಿಗೆ ಅದು ಸಾರ್ಥಕ. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಮರಗಳು ಎರಡೂ ಬದಿಯಿಂದ ಬಾಗಿ ಚಪ್ಪರ ಹಾಕಿದ ಆ ಇಕ್ಕಟ್ಟಾದ ನೀರುದಾರಿಯನ್ನು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ. ಬಾರಾಟಾಂಗ್‌ನಲ್ಲೇ ಇರುವ ಕೆಸರು ಜ್ವಾಲಾಮುಖಿಯ ಬಗ್ಗೆ ಮಾತ್ರ ಹೆಚ್ಚು ನಿರೀಕ್ಷೆ ಬೇಡ, ಅದು ಗುಳ್ಳೆ ಏಳುವ ಬೂದು ಕೆಸರಿನ ಸಣ್ಣ ದಿಬ್ಬ.

ರಾಸ್ ದ್ವೀಪಕ್ಕೂ ದೋಣಿಯಲ್ಲೇ ಹೋಗಬೇಕು, ಆದರೆ ದೋಣಿ ದೊಡ್ಡದು, ಪ್ರಯಾಣ ಸುಮಾರು ಕಾಲು ಗಂಟೆ. ಅಲ್ಲಿ ವಯಸ್ಸಾದವರಿಗೆ ಬ್ಯಾಟರಿ ವಾಹನಗಳಿವೆ. ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ ಆ ದ್ವೀಪ 1941ರ ಭೂಕಂಪದ ನಂತರ ಪಾಳುಬಿದ್ದಿತು. ಚರ್ಚಿನ ಗೋಡೆಗಳನ್ನು ಮರದ ಬೇರುಗಳು ತಬ್ಬಿ ನಿಂತಿವೆ, ಜಿಂಕೆಗಳು ಕೈಯಳತೆಗೆ ಬರುತ್ತವೆ. 2018ರಿಂದ ಅದರ ಹೆಸರು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ, ಟಿಕೆಟಿನಲ್ಲಿ ಆ ಹೆಸರು ಕಂಡು ಗಾಬರಿಯಾಗಬೇಡಿ.

ಒಂದು ಮಾತು ನೆನಪಿರಲಿ. ಅಂಡಮಾನ್ ನಮಗಿಂತ ಸುಮಾರು 16 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಹೀಗಾಗಿ ಜನವರಿಯಲ್ಲಿ ಐದು ಗಂಟೆ ದಾಟಿದ ಸ್ವಲ್ಪ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಸಂಜೆ ಆರಕ್ಕೆ ಜೈಲು ನೋಡೋಣ ಎಂಬ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ. 1906ರಲ್ಲಿ ಪೂರ್ಣಗೊಂಡ ಆ ಜೈಲಿನ ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಒಬ್ಬ ಕೈದಿಯ ಮುಖ ಇನ್ನೊಬ್ಬನಿಗೆ ಕಾಣದಂತೆ, ಒಂದು ಸಾಲಿನ ಬಾಗಿಲು ಮುಂದಿನ ಸಾಲಿನ ಬೆನ್ನಿಗೆ ಎದುರಾಗುವ ಹಾಗೆ ಕಟ್ಟಿದ್ದಾರೆ. ಅದನ್ನು ಹಗಲಿನ ಬೆಳಕಿನಲ್ಲಿ, ಒಂದು ಕೋಣೆಯೊಳಗೆ ನಿಂತು ನೋಡಿದರೇ ತಿಳಿಯುವುದು.

ಉತ್ತರ 2 (ಶಹಾಬಾದ್)

ಬಾರಾಟಾಂಗ್‌ಗೆ ಹೋಗುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮದು ಮೂರು ತಲೆಮಾರಿನ ಕಲ್ಲಿನ ಕೆಲಸ. ನಿಮ್ಮ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಪರ್ಸಿಯೂ ಸುಣ್ಣಕಲ್ಲೇ, ಆ ಗವಿಯೂ ಸುಣ್ಣಕಲ್ಲೇ. ನಮ್ಮಲ್ಲಿ ಅದು ಪದರಪದರವಾಗಿ ಮಲಗಿದೆ, ಉಳಿ ಇಟ್ಟು ಹೊಡೆದರೆ ಹಾಳೆಯಂತೆ ಏಳುತ್ತದೆ. ಅಲ್ಲಿ ಮಳೆನೀರು ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ, ತುಸು ಹುಳಿಯಾಗಿ, ಕಲ್ಲಿನ ಸುಣ್ಣವನ್ನು ಕರಗಿಸಿಕೊಂಡು ಚಾವಣಿಯಿಂದ ತೊಟ್ಟಿಕ್ಕುತ್ತದೆ; ಪ್ರತಿ ಹನಿಯೂ ಕೂದಲೆಳೆಯಷ್ಟು ಸುಣ್ಣವನ್ನು ಬಿಟ್ಟು ಹೋಗಿ, ಸಾವಿರಾರು ವರ್ಷಗಳಲ್ಲಿ ಅದು ತೂಗುವ ಕಲ್ಲಾಗುತ್ತದೆ. ಅದನ್ನು ಮುಟ್ಟಬೇಡಿ ಎಂದು ಹುಡುಗರಿಗೆ ಮೊದಲೇ ಹೇಳಿ. ಕೈಯ ಜಿಡ್ಡು ತಗುಲಿದ ಕಡೆ ಸುಣ್ಣ ಕೂರುವುದಿಲ್ಲ, ಕಲ್ಲು ಕಪ್ಪಾಗಿ ಬೆಳೆಯುವುದನ್ನೇ ನಿಲ್ಲಿಸುತ್ತದೆ. ನಾನು ಹೋದಾಗ ಕೈಗೆಟುಕುವ ಎತ್ತರದವೆಲ್ಲ ಹಾಗೆ ಕಪ್ಪಾಗಿದ್ದವು.

ಊಟದ ಬಗ್ಗೆ: ಖಡಕ್ ರೊಟ್ಟಿ ಒಯ್ಯುವುದಾದರೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬಟ್ಟೆಯಲ್ಲಿ ಕಟ್ಟಿದ್ದ ನಮ್ಮ ರೊಟ್ಟಿ ಸಮುದ್ರದ ತೇವಕ್ಕೆ ಒಂದೇ ರಾತ್ರಿಯಲ್ಲಿ ಮೆತ್ತಗಾಯಿತು. ಶೇಂಗಾ ಹಿಂಡಿಗೆ ಏನೂ ಆಗಲಿಲ್ಲ.

ಉತ್ತರ 3 (ಯಾದಗಿರಿ)

ನಾನು ಆರೋಗ್ಯ ಇಲಾಖೆಯಲ್ಲಿದ್ದೇನೆ. ಜರವಾ ಜನರನ್ನು ತೋರಿಸುತ್ತೇವೆ ಎಂದ ಏಜೆಂಟರಿಗೆ, ಆ ಮಾತು ನಮಗೆ ಬೇಡ ಎಂದು ನೇರವಾಗಿ ಹೇಳಿ. ಆ ದಾರಿಯಲ್ಲಿ ವಾಹನ ನಿಲ್ಲಿಸುವುದು, ಫೋಟೋ ತೆಗೆಯುವುದು, ತಿಂಡಿ ಎಸೆಯುವುದು ಎಲ್ಲವೂ ನಿಷಿದ್ಧ. 1956ರ ಆದಿವಾಸಿ ರಕ್ಷಣಾ ನಿಯಮಕ್ಕೆ 2012ರಲ್ಲಿ ತಿದ್ದುಪಡಿ ತಂದು ಶಿಕ್ಷೆಯನ್ನು ಬಿಗಿಗೊಳಿಸಿದ್ದಾರೆ. ಅವರು ಕೆಲವೇ ನೂರು ಜನ. 1999ರಲ್ಲಿ ಅವರಲ್ಲಿ ದಡಾರ ಹಬ್ಬಿತ್ತು. ನಮ್ಮ ಮಕ್ಕಳಿಗೆ ಲಸಿಕೆ ಹಾಕಿಸಿ ನಾವು ನಿಶ್ಚಿಂತರಾಗಿರುವ ರೋಗ, ಹೊರಗಿನವರ ಸಂಪರ್ಕವೇ ಇಲ್ಲದೆ ಬದುಕಿದವರಿಗೆ ಕುಲವನ್ನೇ ಅಳಿಸಬಲ್ಲದು. ಒಂದು ಬಿಸ್ಕತ್ತಿನ ಪೊಟ್ಟಣವನ್ನು ಪ್ರೀತಿಯಿಂದಲೇ ಕೊಟ್ಟರೂ ಅದು ಅವರಿಗೆ ಒಳಿತು ಮಾಡುವುದಿಲ್ಲ. ಕಾಡು ಮುಗಿಯುವವರೆಗೆ ಎಲ್ಲರ ಮೊಬೈಲುಗಳನ್ನು ಒಂದು ಚೀಲದಲ್ಲಿ ಹಾಕಿಸಿಬಿಡಿ.

ಪ್ರಶ್ನೆ ಕೇಳಿದವರಿಂದ (ಬ್ರಹ್ಮಪುರ, ಕಲಬುರಗಿ)

ಮೂವರಿಗೂ ಶರಣು. ನಿನ್ನೆ ರಾತ್ರಿ ಮೂರೂ ಮನೆಯವರು ಕೂತು ಇದನ್ನೆಲ್ಲ ಓದಿದೆವು. ಎಂಟು ಜನ ಬಾರಾಟಾಂಗ್‌ಗೆ ಹೋಗುತ್ತಾರೆ. ಮೊಬೈಲ್ ಚೀಲದ ಜವಾಬ್ದಾರಿಯನ್ನು ನನ್ನ ತಮ್ಮ ವಹಿಸಿಕೊಂಡಿದ್ದಾನೆ. ತಾಯಿಯವರೊಂದಿಗೆ ನಾವು ಆರು ಜನ ಬೆಳಿಗ್ಗೆ ರಾಸ್ ದ್ವೀಪ ನೋಡಿ, ಮಧ್ಯಾಹ್ನ ಎರಡಕ್ಕೆಲ್ಲ ಜೈಲಿಗೆ ಬರುತ್ತೇವೆ. ನಾರ್ತ್ ಬೇ ಬಿಟ್ಟಿದ್ದೇವೆ. ಜಿಂಕೆಯ ವಿಷಯ ಕೇಳಿದ ತಾಯಿಯವರು, ಸುತ್ತ ಉಪ್ಪುನೀರೇ ಇರುವಾಗ ಅವು ಕುಡಿಯುವುದು ಏನನ್ನು ಎಂದು ಕೇಳುತ್ತಿದ್ದಾರೆ. ಬೀದರಿನ ಗುರುಗಳಿಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.