ಬ್ಯಾಟರಿಯಲ್ಲಿ ನಡೆಯುವ ನಿಸ್ತಂತು ಹವಾಮಾನ ಕೇಂದ್ರ: ಯಾವುದನ್ನು ಕೊಳ್ಳಬೇಕು?

ಕೋರಿಕೆ

ಮನೆಗೆ ಒಂದು ನಿಸ್ತಂತು ಹವಾಮಾನ ಕೇಂದ್ರವನ್ನು ಕೊಳ್ಳಬೇಕೆಂದಿದ್ದೇನೆ. ಹೊರಗೆ ವಿದ್ಯುತ್ ಸಂಪರ್ಕವಿಲ್ಲ. ಒಳಗಿನ ಪರದೆಯನ್ನು ತೂಗುಹಾಕಬೇಕೆಂದಿರುವ ಗೋಡೆಯ ಬಳಿಯೂ ಪ್ಲಗ್ ಪಾಯಿಂಟ್ ಇಲ್ಲದ ಕಾರಣ ಎರಡೂ ಬ್ಯಾಟರಿಯಲ್ಲೇ ನಡೆಯಬೇಕು. ಹೊರಗಿನ ಉಷ್ಣಾಂಶ ಮತ್ತು ತೇವಾಂಶ ನನಗೆ ಮುಖ್ಯ. ಕೈತೋಟವಿರುವುದರಿಂದ ಮಳೆಯ ಅಳತೆಯೂ ಸಿಕ್ಕರೆ ಅನುಕೂಲ. ಗಾಳಿಯ ವೇಗವನ್ನು ಅಳೆಯುವ ಮಾದರಿ ಬೇಕೇ, ಬ್ಯಾಟರಿ ಎಷ್ಟು ಕಾಲ ಬಾಳುತ್ತದೆ, ಪೆಟ್ಟಿಗೆಯ ಮೇಲೆ ಬರೆದಿರುವ 100 ಮೀಟರ್ ವ್ಯಾಪ್ತಿಯನ್ನು ನಂಬಬಹುದೇ ಎಂಬುದನ್ನು ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1

ಕೊಳ್ಳಲು ಹೋದಾಗ ನಮ್ಮ ಕಣ್ಣು ಮೊದಲು ಬೀಳುವುದು ಪರದೆಯ ಮೇಲೆ. ಆದರೆ ಈ ಸಾಧನದ ಯೋಗ್ಯತೆ ತೀರ್ಮಾನವಾಗುವುದು ಹೊರಗೆ ಕಟ್ಟುವ ಸಂವೇದಕದಿಂದ ಮತ್ತು ಅದನ್ನು ಕಟ್ಟುವ ಜಾಗದಿಂದ. ಆದ್ದರಿಂದ ಮೊದಲು ಜಾಗವನ್ನು ಗೊತ್ತುಮಾಡಿಕೊಂಡು, ಅಲ್ಲಿಗೆ ಒಗ್ಗುವ ಸಂವೇದಕವನ್ನು ಆರಿಸಿ, ಪರದೆಯ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಒಳಗಿನ ಪರದೆಯೂ ಬ್ಯಾಟರಿಯಲ್ಲೇ ನಡೆಯಬೇಕೆಂಬ ನಿಮ್ಮ ಷರತ್ತಿನಿಂದ ಆಯ್ಕೆ ಬಹಳ ಸುಲಭವಾಗುತ್ತದೆ. ಬಣ್ಣದ ಪರದೆಯ ಮಾದರಿಗಳು ಹಾಗೂ ವೈ-ಫೈ ಮೂಲಕ ಅಂತರ್ಜಾಲಕ್ಕೆ ಮಾಹಿತಿ ಕಳಿಸುವ ಮಾದರಿಗಳು ಸಾಮಾನ್ಯವಾಗಿ ಅಡಾಪ್ಟರ್ ಇಲ್ಲದೆ ಕೆಲಸಕ್ಕೆ ಬಾರವು. ಅವುಗಳಲ್ಲಿ ಬ್ಯಾಟರಿ ಹಾಕುವ ಜಾಗವಿದ್ದರೂ, ಕರೆಂಟು ಹೋದಾಗ ಗಡಿಯಾರವನ್ನೂ ಹೊಂದಿಸಿಟ್ಟ ವಿವರಗಳನ್ನೂ ಉಳಿಸಿಕೊಳ್ಳುವುದಷ್ಟೇ ಅದರ ಕೆಲಸ. ಬ್ಯಾಟರಿಯಲ್ಲಿದ್ದಾಗ ಗುಂಡಿ ಒತ್ತಿದರೆ ಕೆಲವು ಸೆಕೆಂಡು ಬೆಳಕು ಬಂದು ಆರಿಹೋಗುತ್ತದೆ. ಬೂದು ಹಿನ್ನೆಲೆಯಲ್ಲಿ ಕಪ್ಪು ಅಂಕಿಗಳನ್ನು ತೋರಿಸುವ ಹಳೆಯ ಬಗೆಯ ಎಲ್‌ಸಿಡಿ ಪರದೆ ಬಹಳ ಕಡಿಮೆ ವಿದ್ಯುತ್ತನ್ನು ಬಳಸುತ್ತದೆ ಮತ್ತು ಹಗಲು ಬೆಳಕಿನಲ್ಲಿ ಬಣ್ಣದ ಪರದೆಗಿಂತ ಚೆನ್ನಾಗಿಯೇ ಕಾಣಿಸುತ್ತದೆ. ನಿಮಗೆ ಬೇಕಾದದ್ದು ಅದೇ.

ಹೊರಗಿನ ಸಂವೇದಕವು ಸದಾಕಾಲ ಪ್ರಸಾರ ಮಾಡುತ್ತಿರುವುದಿಲ್ಲ. ಒಂದೊಂದು ಬಾರಿಗೆ ಕ್ಷಣಮಾತ್ರದ ಸಂಕೇತ ಕಳಿಸಿ ಸುಮ್ಮನಾಗುತ್ತದೆ. ಈ ಅಂತರ ಎಷ್ಟು ದೀರ್ಘವೋ ಬ್ಯಾಟರಿ ಅಷ್ಟು ಬಾಳುತ್ತದೆ. ಉಷ್ಣಾಂಶಕ್ಕೆ ನಿಮಿಷಕ್ಕೊಮ್ಮೆ ಸಂಕೇತ ಬಂದರೆ ಧಾರಾಳವಾಯಿತು. ಗಾಳಿ ಹಾಗಲ್ಲ, ಅದರ ರಭಸ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಡೇವಿಸ್ ಕಂಪನಿಯ ವ್ಯಾಂಟೇಜ್ ಪ್ರೊ2ನಂತಹ ಉನ್ನತ ಮಾದರಿಗಳು 2.5 ಸೆಕೆಂಡಿಗೊಮ್ಮೆ ಸಂಕೇತ ಕಳಿಸುತ್ತವೆ, ಅದಕ್ಕಾಗಿ ಹಗಲಿನಲ್ಲಿ ಸಣ್ಣ ಸೌರಫಲಕವನ್ನು ಅವಲಂಬಿಸಿ, ಲಿಥಿಯಂ ಸೆಲ್ಲನ್ನು ಆಪತ್ತಿಗೆಂದು ಇಟ್ಟುಕೊಳ್ಳುತ್ತವೆ.

ಸೆಲ್ಲುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಮರುಚಾರ್ಜ್ ಮಾಡುವ ನಿಕಲ್ ಸೆಲ್ಲುಗಳು 1.2 ವೋಲ್ಟ್ ಮಾತ್ರ ಕೊಡುತ್ತವೆ. 1.5 ವೋಲ್ಟಿಗೆಂದು ಮಾಡಿದ ಸಂವೇದಕವು ಅವನ್ನು ಬೇಗನೆ ಬರಿದಾದ ಸೆಲ್ಲುಗಳೆಂದು ಭಾವಿಸಿ ಸೂಚನೆ ತೋರಿಸತೊಡಗುತ್ತದೆ, ಕೆಲವೊಮ್ಮೆ ಪ್ರಸಾರದ ಬಲವೂ ಕುಗ್ಗುತ್ತದೆ. ಸಾಧಾರಣ ಹವೆಯಲ್ಲಿ ಒಳ್ಳೆಯ ಆಲ್ಕಲೈನ್ ಸೆಲ್ ಸಾಕು. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ 1.5 ವೋಲ್ಟಿನ, ಮರುಚಾರ್ಜ್ ಮಾಡಲಾಗದ ಲಿಥಿಯಂ ಸೆಲ್ಲನ್ನು ಹಾಕಬೇಕು. ಅದು ಮೈನಸ್ 40 ಡಿಗ್ರಿಯವರೆಗೂ ಕೆಲಸ ಮಾಡುತ್ತದೆ. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಎಂದಿಗೂ ಬೆರೆಸಬೇಡಿ. ಇಷ್ಟು ನೋಡಿಕೊಂಡರೆ ಸರಳ ಮಾದರಿಯಲ್ಲಿ ಒಂದು ಜೊತೆ ಸೆಲ್ ಸುಮಾರು ವರ್ಷಕಾಲ ಬರುತ್ತದೆ ಎಂದು ನಿರೀಕ್ಷಿಸಬಹುದು.

ಉತ್ತರ 2

ವ್ಯಾಪ್ತಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಪೆಟ್ಟಿಗೆಯ ಮೇಲಿನ 100 ಮೀಟರ್ ಎಂಬುದು ನಡುವೆ ಯಾವ ತಡೆಯೂ ಇಲ್ಲದ ಬಯಲಿನ ಲೆಕ್ಕ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟು, ತಗಡಿನ ಮಾಡು, ಲೋಹದ ಬಾಗಿಲು ಇವೆಲ್ಲ ಸಂಕೇತವನ್ನು ನುಂಗುತ್ತವೆ. ಎರಡು ಗೋಡೆಗಳನ್ನು ದಾಟಬೇಕಾದರೆ ಆ ದೂರದ ಮೂರನೆಯ ಒಂದು ಭಾಗ ಸಿಕ್ಕರೂ ಸಮಾಧಾನಪಡಬೇಕು. ಮೊಳೆ ಹೊಡೆಯುವ ಮೊದಲೇ ಸಂವೇದಕವನ್ನು ಉದ್ದೇಶಿತ ಜಾಗದಲ್ಲಿ ಒಂದು ಹಗಲು, ಒಂದು ರಾತ್ರಿ ತಾತ್ಕಾಲಿಕವಾಗಿ ಕಟ್ಟಿ, ಪರದೆಯಲ್ಲಿ ಅಂಕಿಗಳ ಬದಲು ಅಡ್ಡಗೆರೆಗಳು ಕಾಣಿಸಿಕೊಳ್ಳುತ್ತವೆಯೇ ಎಂದು ನೋಡಿ. ಕಾಣಿಸಿದರೆ ಪರದೆಯನ್ನು ಕಂಪ್ಯೂಟರು, ಟಿವಿ, ಚಾರ್ಜರುಗಳಿಂದ ಒಂದೆರಡು ಮೀಟರ್ ಆಚೆಗೆ ಸರಿಸಿದಾಗಲೇ ಎಷ್ಟೋ ಬಾರಿ ತೊಂದರೆ ನಿವಾರಣೆಯಾಗುತ್ತದೆ.

ಈ ಸಾಧನಗಳು 433, 868 ಅಥವಾ 915 ಮೆಗಾಹರ್ಟ್ಸ್ ಆವರ್ತನಗಳಲ್ಲಿ (ಫ್ರೀಕ್ವೆನ್ಸಿ) ಕೆಲಸ ಮಾಡುತ್ತವೆ. ಯುರೋಪಿನಲ್ಲಿ 868, ಉತ್ತರ ಅಮೆರಿಕದಲ್ಲಿ 915 ಬಳಕೆಯಲ್ಲಿದೆ. ಯಾವುದಕ್ಕೆ ಅನುಮತಿಯಿದೆ ಎಂಬುದು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ಬೇರೆ ದೇಶದಿಂದ ತರಿಸುವಾಗ ಮಾದರಿಯ ಹೆಸರು ಒಂದೇ ಇದ್ದರೂ ಆವರ್ತನವನ್ನು ಓದಿಯೇ ಕೊಳ್ಳಬೇಕು. ಮುಂದೆ ಸಂವೇದಕ ಕೆಟ್ಟು ಬಿಡಿಯಾಗಿ ತರಿಸಿದಾಗ ಎರಡೂ ಹೊಂದದಿದ್ದರೆ ಪರದೆ ಅದನ್ನು ಗುರುತಿಸುವುದೇ ಇಲ್ಲ.

ಪರದೆಯ ಗಡಿಯಾರ ರೇಡಿಯೋ ಸಂಕೇತದಿಂದ ತಾನೇ ಸರಿಹೊಂದುತ್ತದೆ ಎಂಬ ಸೌಲಭ್ಯಕ್ಕೂ ಹೀಗೆಯೇ ಗಡಿಯಿದೆ. ಜರ್ಮನಿಯ ಫ್ರಾಂಕ್‌ಫರ್ಟ್ ಬಳಿಯ ಮೈನ್‌ಫ್ಲಿಂಗನ್‌ನಿಂದ ಹೊರಡುವ ಡಿಸಿಎಫ್77 ಸಂಕೇತ ಸುಮಾರು 2,000 ಕಿಲೋಮೀಟರ್ ದೂರದವರೆಗೆ ಸಿಗುತ್ತದೆ. ಅದರಾಚೆ ಇರುವವರು ಆ ಸೌಲಭ್ಯವನ್ನು ಸ್ಥಗಿತಗೊಳಿಸಿ ಸಮಯವನ್ನು ಕೈಯಿಂದಲೇ ಹೊಂದಿಸುವುದು ಒಳ್ಳೆಯದು. ಇಲ್ಲವಾದರೆ ಸಾಧನವು ಸಿಗದ ಸಂಕೇತವನ್ನು ಹುಡುಕುತ್ತ ಬ್ಯಾಟರಿಯನ್ನು ವ್ಯರ್ಥ ಮಾಡುತ್ತದೆ.

ಉತ್ತರ 3

ಗಾಳಿ, ಮಳೆ, ಉಷ್ಣಾಂಶ ಮೂರನ್ನೂ ಒಂದೇ ಕಂಬದ ಮೇಲೆ ಅಳೆಯುವ ಜೋಡಿ ಸಂವೇದಕಗಳು ಈಗ ಎಲ್ಲೆಲ್ಲೂ ಕಾಣುತ್ತವೆ. ಕೊಳ್ಳುವ ಮೊದಲು ಒಂದು ಮಾತನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ವಿಶ್ವ ಹವಾಮಾನ ಸಂಸ್ಥೆಯ ಮಾರ್ಗಸೂಚಿಯಂತೆ ಉಷ್ಣಾಂಶವನ್ನು ನೆಲದಿಂದ ಸುಮಾರು 1.25ರಿಂದ 2 ಮೀಟರ್ ಎತ್ತರದಲ್ಲಿ ಅಳೆಯಬೇಕು, ಗಾಳಿಯನ್ನು ಬಯಲಿನಲ್ಲಿ 10 ಮೀಟರ್ ಎತ್ತರದಲ್ಲಿ ಅಳೆಯಬೇಕು, ಮಳೆಮಾಪಕವನ್ನು ಗಾಳಿಯ ಹೊಡೆತ ಕಡಿಮೆಯಿರುವಂತೆ ನೆಲದ ಹತ್ತಿರ ಇಡಬೇಕು. ಈ ಮೂರು ಬೇಡಿಕೆಗಳನ್ನೂ ಒಂದೇ ಕಂಬ ಪೂರೈಸಲಾರದು. ಚಾವಣಿಯ ಮೇಲೆ ಏರಿಸಿದರೆ ಕಾದ ಚಾವಣಿಯ ಬಿಸಿ ಉಷ್ಣಾಂಶದಲ್ಲಿ ಸೇರುತ್ತದೆ, ಜೋರು ಗಾಳಿಗೆ ಮಳೆಹನಿಗಳು ಮಾಪಕದ ಬಾಯಿಯಿಂದ ಆಚೆಗೆ ಹಾರುತ್ತವೆ. ಕೆಳಗೆ ಅಂಗಳದಲ್ಲಿ ನಿಲ್ಲಿಸಿದರೆ ಗಾಳಿಯ ಅಳತೆ ಅರ್ಥ ಕಳೆದುಕೊಳ್ಳುತ್ತದೆ. ಮನೆ, ಮರಗಳ ಎತ್ತರದ ಹತ್ತು ಪಟ್ಟು ದೂರದಲ್ಲಿ ತೆರೆದ ಜಾಗವಿರುವವರು ಗಾಳಿಮಾಪಕವನ್ನು ಧೈರ್ಯವಾಗಿ ಕೊಳ್ಳಲಿ. ನಿಮ್ಮ ಅಗತ್ಯಕ್ಕೆ ಅದನ್ನು ಬಿಟ್ಟು, ಉಷ್ಣಾಂಶಕ್ಕೊಂದು, ಮಳೆಗೊಂದು ಎಂದು ಪ್ರತ್ಯೇಕ ಸಂವೇದಕಗಳಿರುವ ಮಾದರಿಯೇ ಸರಿ ಎಂದು ನನಗೆ ದೃಢವಾಗಿ ಅನಿಸುತ್ತದೆ.

ಉಷ್ಣಾಂಶದ ಸಂವೇದಕಕ್ಕೆ ಬಿಸಿಲು ತಾಗಿದರೆ ಅದು ಗಾಳಿಯ ಬಿಸಿಯನ್ನಲ್ಲ, ತನ್ನ ಪ್ಲಾಸ್ಟಿಕ್ಕಿನ ಬಿಸಿಯನ್ನು ಹೇಳುತ್ತದೆ. ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ 19ನೆಯ ಶತಮಾನದಲ್ಲಿ ರೂಪಿಸಿದ ಬಿಳಿ ಬಣ್ಣದ, ಜಾಲರಿಪಟ್ಟಿಗಳ ಪೆಟ್ಟಿಗೆ ಈ ಸಮಸ್ಯೆಗಾಗಿಯೇ ಹುಟ್ಟಿದ್ದು. ಬಿಳಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಕಾಣುವ ಸಣ್ಣ ಕವಚಗಳು ಇಂದು ಬಿಡಿಯಾಗಿ ಸಿಗುತ್ತವೆ. ಸಂವೇದಕದೊಡನೆ ಕವಚ ಬರದಿದ್ದರೆ ಮೊದಲು ಅದಕ್ಕೆ ಹಣ ಹಾಕಿ. ಏರ್ ಕಂಡಿಷನರಿನ ಹೊರಭಾಗ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್, ಮಧ್ಯಾಹ್ನದ ಬಿಸಿಲಿಗೆ ಕಾಯುವ ಗೋಡೆ ಇವುಗಳ ಬಳಿ ಕಟ್ಟಬೇಡಿ.

ಪರದೆಯಲ್ಲಿ 27.3 ಎಂದು ಕಂಡ ಮಾತ್ರಕ್ಕೆ ದಶಾಂಶದವರೆಗೆ ಅಳತೆ ಸರಿಯಾಗಿದೆ ಎಂದು ತಿಳಿಯಬಾರದು. ಮನೆಬಳಕೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಒಂದು ಡಿಗ್ರಿ ಆಚೀಚೆ, ತೇವಾಂಶದಲ್ಲಿ ಶೇ. 5ರಷ್ಟು ಆಚೀಚೆ ಇರುತ್ತದೆ. ತೇವಾಂಶವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಸಣ್ಣ ಮುಚ್ಚಳದಲ್ಲಿ ಉಪ್ಪು ಹಾಕಿ, ಅದು ಕರಗದೆ ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರು ಬೆರೆಸಿ, ಸಂವೇದಕದ ಪಕ್ಕದಲ್ಲಿ ಅದಕ್ಕೆ ತಾಗದಂತೆ ಇಟ್ಟು, ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ನೆರಳಿನಲ್ಲಿ ಒಂದು ದಿನ ಬಿಡಿ. ಪರದೆ ಶೇ. 75ರ ಆಸುಪಾಸು ತೋರಿಸಬೇಕು. ವ್ಯತ್ಯಾಸವಿದ್ದರೆ, ತಿದ್ದುಪಡಿಯ ಸೌಲಭ್ಯವಿರುವ ಮಾದರಿಯಲ್ಲಿ ಅದನ್ನು ಸೇರಿಸಿಬಿಡಬಹುದು. ಈ ಸೌಲಭ್ಯ ಇದೆಯೇ ಎಂದು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ.

ಉತ್ತರ 4

ಮಳೆಯ ವಿಚಾರವನ್ನು ನಾನು ಪೂರ್ತಿಮಾಡುತ್ತೇನೆ. ಈ ಮಾಪಕಗಳ ಒಳಗೆ ಆಲಿಕೆಯ ಕೆಳಗೆ, ಮಕ್ಕಳ ಏರಿಳಿ ಹಲಗೆಯಂತೆ ಎರಡು ಪುಟ್ಟ ತೊಟ್ಟಿಗಳಿರುತ್ತವೆ. ಒಂದು ತುಂಬಿದೊಡನೆ ವಾಲಿ ನೀರನ್ನು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ವಾಲುವಿಕೆಯೂ 0.2 ಅಥವಾ 0.3 ಮಿಲಿಮೀಟರಿನಷ್ಟು ಮಳೆ ಎಂದು ದಾಖಲಾಗುತ್ತದೆ. ಜಡಿಮಳೆಯಲ್ಲಿ ತೊಟ್ಟಿ ವಾಲುತ್ತಿರುವಾಗ ಬಿದ್ದ ನೀರು ಲೆಕ್ಕಕ್ಕೆ ಸಿಗದ ಕಾರಣ ಅಳತೆ ಸ್ವಲ್ಪ ಕಡಿಮೆಯೇ ಬರುತ್ತದೆ.

ಪರೀಕ್ಷೆ ಸುಲಭ. ಬಾಯಿಯ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಇದ್ದರೆ 100 ಮಿಲಿಲೀಟರ್ ನೀರು 10 ಮಿಲಿಮೀಟರ್ ಮಳೆಗೆ ಸಮ. ಆ ನೀರನ್ನು ಒಮ್ಮೆಗೇ ಸುರಿಯದೆ, ತಳದಲ್ಲಿ ಸೂಜಿಯಿಂದ ತೂತು ಮಾಡಿದ ಲೋಟದಿಂದ ತೊಟ್ಟಿಕ್ಕಲು ಬಿಟ್ಟು ಪರದೆ ಏನು ಹೇಳುತ್ತದೆ ಎಂದು ನೋಡಿ. ಮಾಪಕವನ್ನು ಮಟ್ಟಸವಾಗಿ ಕೂರಿಸದಿದ್ದರೆ ಎರಡು ತೊಟ್ಟಿಗಳೂ ಸಮನಾಗಿ ತುಂಬುವುದಿಲ್ಲ. ಹತ್ತಿರದ ಗೋಡೆ ಅಥವಾ ಗಿಡದ ಎತ್ತರಕ್ಕಿಂತ ಕನಿಷ್ಠ ಎರಡರಷ್ಟು ದೂರದಲ್ಲಿ ಇಡಿ. ಒಣಗಿದ ಎಲೆ ಆಲಿಕೆಯನ್ನು ಮುಚ್ಚುತ್ತದೆ, ಜೇಡ ತೊಟ್ಟಿಗಳ ನಡುವೆ ಬಲೆ ನೇಯುತ್ತದೆ. ಆಗ ಎಷ್ಟು ಮಳೆ ಬಂದರೂ ಪರದೆಯಲ್ಲಿ ಸೊನ್ನೆಯೇ. ಹನಿಗಳ ಬಡಿತದಿಂದ ಮಳೆಯನ್ನು ಅಂದಾಜಿಸುವ, ಚಲಿಸುವ ಭಾಗಗಳಿಲ್ಲದ ಮಾಪಕಗಳೂ ಬಂದಿವೆ. ಅವಕ್ಕೆ ಆರೈಕೆ ಕಡಿಮೆ, ಆದರೆ ಜಿನುಗು ಮಳೆಯಲ್ಲಿ ಅವುಗಳ ಲೆಕ್ಕವನ್ನು ನಾನು ನಂಬುವುದಿಲ್ಲ.

ಕೋರಿಕೆ ಸಲ್ಲಿಸಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಬೂದು ಪರದೆ, ಪ್ರತ್ಯೇಕ ಮಳೆಮಾಪಕ, ಬಿಳಿ ಕವಚ ಎಂದು ನಿಶ್ಚಯಿಸಿದ್ದೇನೆ. ಪರದೆಯಲ್ಲಿ ಬರುವ ಸೂರ್ಯ, ಮೋಡಗಳ ಚಿತ್ರವನ್ನು ನೋಡಿ ತೋಟಕ್ಕೆ ನೀರು ಬಿಡುವುದನ್ನು ನಿರ್ಧರಿಸಬಹುದೇ? ಬ್ಯಾಟರಿ ಬದಲಾಯಿಸುವಾಗ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ 5

ಆ ಚಿತ್ರಗಳನ್ನು ನೋಡಿ ನಿರ್ಧರಿಸಬೇಡಿ. ಸರಳ ಮಾದರಿಗಳಲ್ಲಿ ಮುನ್ಸೂಚನೆಗೆ ಇರುವ ಆಧಾರ ವಾಯುಭಾರದ ಏರಿಳಿತ ಮಾತ್ರ. ಸಮಶೀತೋಷ್ಣ ವಲಯದಲ್ಲಿ ಭಾರ ಕುಸಿದರೆ ಮಳೆ, ಏರಿದರೆ ಬಿಸಿಲು ಎಂಬ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ. ಉಷ್ಣವಲಯದಲ್ಲಿ ವಾಯುಭಾರವು ದಿನಕ್ಕೆ ಎರಡು ಬಾರಿ ತಾನಾಗಿಯೇ ಏರಿ ಇಳಿಯುತ್ತದೆ: ಬೆಳಿಗ್ಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ ಗರಿಷ್ಠ, ಬೆಳಗಿನ ಜಾವ ಮತ್ತು ಸಂಜೆ ಸುಮಾರು 4 ಗಂಟೆಗೆ ಕನಿಷ್ಠ. ಈ ನಿತ್ಯದ ಇಳಿತವನ್ನೇ ಸಾಧನ ಮಳೆಯ ಸೂಚನೆ ಎಂದು ತಿಳಿದು ಮಧ್ಯಾಹ್ನದ ಹೊತ್ತಿಗೆ ಮೋಡದ ಚಿತ್ರ ತೋರಿಸಬಹುದು. ಇಂದಿನ ಅಂಕಿಯನ್ನು ನಿನ್ನೆ ಇದೇ ಹೊತ್ತಿನ ಅಂಕಿಯೊಡನೆ ಹೋಲಿಸಿದರೆ ಮಾತ್ರ ನಿಜವಾದ ಬದಲಾವಣೆ ಗೊತ್ತಾಗುತ್ತದೆ. ಸಮುದ್ರಮಟ್ಟಕ್ಕೆ ಸಮೀಪದ ಎತ್ತರಗಳಲ್ಲಿ ಸುಮಾರು 8 ಮೀಟರ್ ಮೇಲೇರಿದರೆ ಭಾರ ಒಂದು ಹೆಕ್ಟೊಪ್ಯಾಸ್ಕಲ್ ಇಳಿಯುವುದರಿಂದ, ಅತಿ ಹತ್ತಿರದ ಅಧಿಕೃತ ಹವಾಮಾನ ಕೇಂದ್ರ ಪ್ರಕಟಿಸುವ ಸಮುದ್ರಮಟ್ಟದ ಭಾರಕ್ಕೆ ನಿಮ್ಮ ಪರದೆಯನ್ನು ಮೊದಲ ದಿನವೇ ಹೊಂದಿಸಿಕೊಳ್ಳಿ. ತೋಟಕ್ಕೆ ನೀರು ಬಿಡುವುದಕ್ಕೆ ಮಳೆಮಾಪಕದ ಕಳೆದ ಕೆಲವು ದಿನಗಳ ಮೊತ್ತವೇ ನಂಬಲರ್ಹ ಆಧಾರ.

ಬ್ಯಾಟರಿ ಬದಲಾಯಿಸುವಾಗ ಸಂವೇದಕವನ್ನು ಪರದೆಯ ಹತ್ತಿರಕ್ಕೆ ತನ್ನಿ. ಅನೇಕ ಮಾದರಿಗಳಲ್ಲಿ ಸೆಲ್ ತೆಗೆದು ಹಾಕಿದೊಡನೆ ಸಂವೇದಕದ ಗುರುತುಸಂಖ್ಯೆ ಬದಲಾಗಿ, ಹಳೆಯದನ್ನೇ ಹುಡುಕುತ್ತಿರುವ ಪರದೆಗೆ ಅದು ಅಪರಿಚಿತವಾಗುತ್ತದೆ. ಮೊದಲು ಸಂವೇದಕಕ್ಕೆ ಸೆಲ್ ಹಾಕಿ, ಆಮೇಲೆ ಪರದೆಯಲ್ಲಿ ಹುಡುಕಾಟದ ಗುಂಡಿ ಒತ್ತಿ, ಅಂಕಿಗಳು ಬಂದ ಮೇಲೆಯೇ ಹೊರಗೆ ಒಯ್ಯಿರಿ. ಮಳೆಮಾಪಕವನ್ನು ಶುಚಿಮಾಡುವಾಗ ತೊಟ್ಟಿಗಳು ವಾಲಿ ಬಾರದ ಮಳೆಯೂ ದಾಖಲಾಗುತ್ತದೆ. ಆದ್ದರಿಂದ ಕೈಹಾಕುವ ಮೊದಲು ಅಲ್ಲಿಯವರೆಗಿನ ಮೊತ್ತವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.