ಆ ದಪ್ಪ ಜಾಕೆಟ್ ಬೇಡ: ‘ವಡಗಾವಿ ಮನೆ ಮಂದಿ’ ಗುಂಪಿನಲ್ಲಿ ನಡೆದ ಮಾತು

ತಮ್ಮ: (ಫೋಟೊ) ಎಲ್ಲರೂ ನೋಡಿರಿ. ದಸರಾ ಸೂಟಿಯಲ್ಲಿ ಖಾನಾಪುರ ಕಡೆ ಏರ್‌ಸಾಫ್ಟ್, ಅಂದರೆ ಪ್ಲಾಸ್ಟಿಕ್ ಗುಂಡಿನ ಆಟಿಕೆ ಬಂದೂಕು ಹಿಡಿದು ಎರಡು ತಂಡ ಆಡುವ ಆಟ, ಆಡಲು ಹೋಗುತ್ತೇವಲ್ಲ, ಅದಕ್ಕೆ ಈ ಜಾಕೆಟ್ ಹುಡುಕಿದ್ದೇನೆ. ಒಳಗೆ ದಪ್ಪ ಲೈನಿಂಗ್, ಹೊರಗೆ ವಾಟರ್‌ಪ್ರೂಫ್, ಥೇಟ್ ಮಿಲಿಟರಿ ಡಿಸೈನ್. ಆರು ತಗೊಂಡರೆ ಒಂದಕ್ಕೆ 3,200 ರೂಪಾಯಿ. ನಾಳೆ ಸಂಜೆಯೊಳಗೆ ದುಡ್ಡು ಹಾಕಿರಿ.

ಅಕ್ಕ: ಚೆನ್ನಾಗಿದೆ. ನನ್ನ ಮಗನಿಗೂ ಒಂದು ಸೇರಿಸು.

ಅವ್ವ: ದಪ್ಪ ಇದ್ದಷ್ಟೂ ಒಳ್ಳೆಯದು. ಗುಂಡು ಮೈಗೆ ಬಡಿಯುತ್ತದೆ ಅನ್ನುತ್ತೀರಿ.

ನಾನು: ತಮ್ಮಾ, ದಯವಿಟ್ಟು ಆರ್ಡರ್ ಮಾಡಬೇಡ. ಅವ್ವಾ, ನೀನೂ ಸ್ವಲ್ಪ ಕೇಳು.

ತಮ್ಮ: ಯಾಕಣ್ಣಾ? ಅಂಗಡಿಯವರಿಗೆ ಮಾತು ಕೊಟ್ಟಿದ್ದೇನೆ.

ನಾನು: ಹೋದ ವರ್ಷ ಪುಣೆ ಹತ್ತಿರ ಗೆಳೆಯರ ಜೊತೆ ಆಡಿದ್ದೆ, ನೆನಪಿದೆಯಲ್ಲ? ಅವತ್ತು ಇಂಥದ್ದೇ ಜಾಕೆಟ್ ಹಾಕಿದ್ದೆ. ಬಣ್ಣ ತುಂಬಿದ ಗುಂಡಿನಿಂದ ಆಡುವ ಪೇಂಟ್‌ಬಾಲ್‌ನಲ್ಲಿ ಬಣ್ಣ ಮೆತ್ತುತ್ತದೆ, ಬಡಿದದ್ದು ಎಲ್ಲರಿಗೂ ಕಾಣುತ್ತದೆ. ಏರ್‌ಸಾಫ್ಟ್ ಹಾಗಲ್ಲ. 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು, ತೂಕ ಹೆಚ್ಚಾಗಿ 0.20 ಗ್ರಾಂ. ಬಡಿದು ಹುಲ್ಲಿನಲ್ಲಿ ಬಿದ್ದುಹೋಗುತ್ತದೆ, ಗುರುತೇ ಇರುವುದಿಲ್ಲ. ಯಾರಿಗೆ ಬಡಿಯಿತೋ ಅವರೇ ಕೈ ಎತ್ತಿ ‘ಹಿಟ್’ ಅಂತ ಕೂಗಿ ಹೊರಗೆ ಬರಬೇಕು. ಇಡೀ ಆಟ ನಿಂತಿರುವುದೇ ಆ ಒಂದು ಮಾತಿನ ಮೇಲೆ. ನನಗೆ ಅವತ್ತು ಬೆನ್ನಿಗೆ ಮೂರು ಸಲ ಬಡಿದಿತ್ತಂತೆ. ಜಾಕೆಟ್ ದಪ್ಪ ಇದ್ದುದರಿಂದ ಒಂದೂ ಗೊತ್ತಾಗಲಿಲ್ಲ. ನಾನು ಓಡುತ್ತಲೇ ಇದ್ದೆ. ಎದುರು ತಂಡದ ಹುಡುಗ ಬಂದು, ‘ನೀವು ಹಿಟ್ ತಗೊಳ್ಳುತ್ತಿಲ್ಲ, ಹೀಗಾದರೆ ಆಡುವುದು ಹೇಗೆ?’ ಅಂದ. ಅವನು ಸಿಟ್ಟಿನಿಂದ ಹೇಳಲಿಲ್ಲ, ಬೇಜಾರಿನಿಂದ ಹೇಳಿದ. ಅದೇ ನನಗೆ ಜಾಸ್ತಿ ನೋವಾಯಿತು. ಊಟದ ಹೊತ್ತಿನಲ್ಲಿ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಮ್ಮ ಮನೆಯ ಮಕ್ಕಳಿಗೆ ಮೊದಲನೇ ಆಟದಲ್ಲೇ ‘ಹಿಟ್ ತಗೊಳ್ಳದವರು’ ಅನ್ನುವ ಹೆಸರು ಬರಬಾರದು.

ಅಕ್ಕ: ಇದನ್ನು ನೀನು ಹೇಳಿರಲೇ ಇಲ್ಲ.

ತಮ್ಮ: ಅಣ್ಣಾ, ಬೇಜಾರು ಮಾಡಿಕೊಳ್ಳಬೇಡ. ಆದರೆ ನೀನು ಒಂದು ಕಡೆಯಿಂದ ಮಾತ್ರ ನೋಡುತ್ತಿದ್ದೀಯ. ಹುಡುಗರಿಗೆ ಇದು ಮೊದಲ ಸಲ. ನೋವಾಗಿ ಹೆದರಿದರೆ ಮತ್ತೆ ಬರುವುದಿಲ್ಲ. ಹಾಗೇ, ಅಕ್ಕನಿಗೆ ಉತ್ತರ ಕೊಡಬೇಕಾದವನು ನಾನು.

ನಾನು: ಅದು ಸರಿಯಾದ ಮಾತು. ಹತ್ತಿರದಿಂದ ಬರಿ ಚರ್ಮಕ್ಕೆ ಬಡಿದರೆ ಚುರುಕ್ ಅನ್ನುತ್ತದೆ, ಕೆಂಪಗೆ ಬೊಬ್ಬೆ ಏಳುತ್ತದೆ. ಗುಂಡು ಸೆಕೆಂಡಿಗೆ 100 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಆದರೆ ಅಷ್ಟು ಹಗುರ ಇರುವುದರಿಂದ ದೂರ ಹೋದಷ್ಟೂ ಬೇಗ ಸೋಲುತ್ತದೆ. ಒಳಗೊಂದು ಬನಿಯನ್, ಮೇಲೆ ಒಂದೇ ಪದರದ ಗಟ್ಟಿ ಬಟ್ಟೆ ಇದ್ದರೆ ‘ಟಪ್’ ಅಂತ ಗೊತ್ತಾಗುತ್ತದೆ, ಜಾಸ್ತಿ ನೋಯುವುದಿಲ್ಲ. ನಿಜವಾಗಿ ನೋಯುವುದು ಬೆರಳ ಗಿಣ್ಣು, ಕುತ್ತಿಗೆ, ಕಿವಿ. ಅಲ್ಲಿಗೆ ಜಾಕೆಟ್ ಬರುವುದೇ ಇಲ್ಲ. ಕೈಗವಸು ಹಾಕಲಿ, ಕುತ್ತಿಗೆಗೆ ಒಂದು ಬಟ್ಟೆ ಸುತ್ತಲಿ.

ಸಣ್ಣ ಕಾಕಾ: ಫೋಟೊ ದೊಡ್ಡದು ಮಾಡಿ ನೋಡಿದೆ. ನಲ್ವತ್ತು ವರ್ಷ ಮಗ್ಗದ ಮುಂದೆ ಕೂತವನು ಹೇಳುತ್ತಿದ್ದೇನೆ, ಈ ಬಟ್ಟೆ ಕಾಡಿಗಲ್ಲ. ಮೇಲೆ ಹೊಳಪು ಇದೆ, ಅಂದರೆ ಪ್ಲಾಸ್ಟಿಕ್ ಲೇಪ ಕೊಟ್ಟಿದ್ದಾರೆ. ಒಂದು ಕವಳಿ ಮುಳ್ಳು ಸಿಕ್ಕರೆ ಸಾಕು, ಸೀಳಿಕೊಂಡು ಹೋಗುತ್ತದೆ.

ತಮ್ಮ: ಹಾಗಾದರೆ ಯಾವುದು ತಗೊಳ್ಳಬೇಕು ಕಾಕಾ? ಜೀನ್ಸ್ ಬಟ್ಟೆಯದಾ?

ಸಣ್ಣ ಕಾಕಾ: ಬೇಡಪ್ಪಾ. ಹತ್ತಿ ನೀರು ಕುಡಿಯುತ್ತದೆ. ಒದ್ದೆಯಾದರೆ ಭಾರ, ಸಂಜೆತನಕ ಒಣಗುವುದಿಲ್ಲ. ಪೂರ್ತಿ ನೈಲಾನ್ ಬೇಗ ಒಣಗುತ್ತದೆ, ಆದರೆ ಬೆವರು ಹೀರುವುದಿಲ್ಲ, ನಡೆದರೆ ಸರಬರ ಸದ್ದು. ಎರಡೂ ಬೆರೆಸಿ ನೇಯ್ದದ್ದು ನೋಡು. ಅದರಲ್ಲೂ ರಿಪ್‌ಸ್ಟಾಪ್ ಅಂತ ಕೇಳು. ಬಟ್ಟೆ ಮೇಲೆ ಸಣ್ಣ ಸಣ್ಣ ಚೌಕ ಕಾಣುತ್ತವೆ. ಉದ್ದದ ಹಾಸಿನಲ್ಲೂ ಅಡ್ಡದ ಹೊಕ್ಕಿನಲ್ಲೂ ಕೆಲವು ಎಳೆಗೊಮ್ಮೆ ಒಂದು ದಪ್ಪ ಎಳೆ ಕೊಟ್ಟಿರುತ್ತಾರೆ. ಮುಳ್ಳು ತಾಗಿ ಹರಿದರೂ ಹರಕು ಆ ದಪ್ಪ ಎಳೆಗೆ ಬಂದು ನಿಂತುಬಿಡುತ್ತದೆ. ಮನೆಗೆ ಬಂದು ನಾಲ್ಕು ಹೊಲಿಗೆ ಹಾಕಿದರೆ ಮುಗಿಯಿತು. ಎಷ್ಟು ಸರಳ, ಎಷ್ಟು ಚೆಂದದ ನೇಯ್ಗೆ ಅದು! ಮೊದಲ ಸಲ ಕೈಯಲ್ಲಿ ಹಿಡಿದಾಗ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ್ದೆ.

ಮಾಮಾ: ಬಟ್ಟೆ ಮಾತು ಆಮೇಲೆ. ಆ ಡಿಸೈನ್ ಯಾಕೆ ಬೇಕು, ಮೊದಲು ಅದು ಹೇಳು. ಅದು ನಮ್ಮ ಸೇನೆಯ ಹೊಸ ಕಾಂಬ್ಯಾಟ್ ಡ್ರೆಸ್ ಇದ್ದಂತೆಯೇ ಇದೆ.

ತಮ್ಮ: ಮಾಮಾ, ಆಟಕ್ಕೆ ಮಾತ್ರ. ಯಾರಿಗೂ ಮೋಸ ಮಾಡಲು ಅಲ್ಲ.

ಮಾಮಾ: ನಿನ್ನ ಮನಸ್ಸು ನನಗೆ ಗೊತ್ತು. ರಸ್ತೆಯಲ್ಲಿ ನಿಂತವರಿಗೆ ಗೊತ್ತಿಲ್ಲ. ಆ ಸಮವಸ್ತ್ರ 2022ರ ಜನವರಿ 15ರಂದು, ಸೇನಾ ದಿನದಂದು, ಮೊದಲ ಸಲ ಹೊರಗೆ ಬಂತು. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್ ಜೊತೆ ಸೇರಿ ಮಾಡಿದ್ದು. ಸೇನೆ ಆ ಡಿಸೈನ್ ನೋಂದಣಿ ಮಾಡಿಸಿದೆ. 2016ರಲ್ಲಿ ಪಂಜಾಬಿನ ಪಠಾಣಕೋಟ್ ವಾಯುನೆಲೆ ಮೇಲೆ ದಾಳಿ ಮಾಡಿದವರು ಸೇನೆಯ ಬಟ್ಟೆಯಲ್ಲೇ ಬಂದಿದ್ದರು. ಅದಾದ ಮೇಲೆ, ಇಂಥ ಬಟ್ಟೆ ಹಾಕಬೇಡಿ, ಮಾರಬೇಡಿ ಅಂತ ಸೇನೆಯೇ ಜನರನ್ನು ಕೇಳಿಕೊಂಡಿತು.

ತಮ್ಮ: ಸೈನಿಕ ಅಂತ ನಂಬಿಸುವ ಉದ್ದೇಶ ಇದ್ದರೆ ಮಾತ್ರ ತಪ್ಪು ಅಂತ ಕಾನೂನಿನಲ್ಲೇ ಇದೆಯಲ್ಲ ಮಾಮಾ.

ಮಾಮಾ: ಇದೆ. ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ, ಮೂರು ತಿಂಗಳವರೆಗೆ ಶಿಕ್ಷೆ. ಉದ್ದೇಶ ಬೇಕು ಅನ್ನುವುದೂ ನಿಜ. ಆದರೆ ನಮ್ಮದು ಬೆಳಗಾವಿ. ಕ್ಯಾಂಪಿನಲ್ಲಿ ಸೇನೆಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಿನ ಕೇಂದ್ರವೇ ಇದೆ. ಆರು ಹುಡುಗರು ಆ ಬಟ್ಟೆ ಹಾಕಿ, ಬಂದೂಕಿನ ಥರದ್ದು ಹಿಡಿದು ಹೋದರೆ ನೋಡಿದವರು ಏನು ತಿಳಿಯಬೇಕು? ಇನ್ನೊಂದು ಮಾತು. ಆ ಬಟ್ಟೆ ಹಾಕುವ ದಿನಕ್ಕಾಗಿ ನಾನು ಎಷ್ಟು ಬೆಳಗ್ಗೆ ಓಡಿದ್ದೇನೆ ಅಂತ ನಿಮ್ಮ ಅತ್ತಿಯನ್ನು ಕೇಳು. ಅಂಗಡಿಯಲ್ಲಿ ಆರಕ್ಕೆ ಇಷ್ಟು ಅಂತ ತರುವ ಬಟ್ಟೆ ಅಲ್ಲ ಅದು.

ತಮ್ಮ: ಸರಿ ಮಾಮಾ. ಆ ಡಿಸೈನ್ ಬಿಟ್ಟೆ. ಕಪ್ಪು ತಗೊಳ್ಳುತ್ತೇನೆ.

ನಾನು: ಕಪ್ಪು ಬೇಡ. ಗಿಡಗಳ ನಡುವೆ ಕಪ್ಪು ಬೇಗ ಕಣ್ಣಿಗೆ ಬೀಳುತ್ತದೆ, ಬಿಸಿಲಿಗೆ ಕಾಯುತ್ತದೆ ಕೂಡ. ದಸರಾ ಹೊತ್ತಿಗೆ ಖಾನಾಪುರ ಕಡೆ ಇನ್ನೂ ಹಸಿರು ಇರುತ್ತದೆ, ಮಣ್ಣು ಕೆಂಪು, ಹುಲ್ಲಿನ ತುದಿ ಹಳದಿಗೆ ತಿರುಗಿರುತ್ತದೆ. ಮಾಸಲು ಹಸಿರು ಸಾಕು, ಚಿತ್ತಾರ ಬೇಕಿಲ್ಲ. ಬೇಸಿಗೆಯಲ್ಲಿ ಬೈಲಹೊಂಗಲ ಕಡೆ ಎರೆ ಹೊಲದ ಬದುವಿನಲ್ಲಿ ಆಡುವುದಾದರೆ ಕಂದು ಬಣ್ಣ ಕೇಳುತ್ತಿದ್ದೆ.

ಅತ್ತಿ: ಮಳೆ ಬಂದರೆ? ಆ ಕಡೆ ಯಾವಾಗ ಬರುತ್ತದೆ ಹೇಳಲಿಕ್ಕೆ ಬರುವುದಿಲ್ಲ.

ನಾನು: ಮಡಚಿದರೆ ಮುಷ್ಟಿಯಷ್ಟಾಗುವ ತೆಳು ರೇನ್‌ಕೋಟ್ ಚೀಲದಲ್ಲಿ ಇರಲಿ ಅತ್ತಿ. ಬಂದಾಗ ಹಾಕಿ, ನಿಂತಾಗ ತೆಗೆಯಲಿ. ದಿನವಿಡೀ ವಾಟರ್‌ಪ್ರೂಫ್‌ನಲ್ಲಿ ಓಡಿದರೆ ಹೊರಗಿನ ನೀರು ಬರುವುದಿಲ್ಲ ನಿಜ, ಒಳಗಿನ ಬೆವರು ಹೊರಗೂ ಹೋಗುವುದಿಲ್ಲ. ನನಗೆ ಭಯ ಇರುವುದು ಅಲ್ಲೇ. ಮೈ ಕಾದರೆ ಬಿಸಿ ಮೇಲೆ ಏರಿ ಗಾಗಲ್ ಮಂಜಾಗುತ್ತದೆ. ಮಂಜಾದರೆ ಏನೂ ಕಾಣುವುದಿಲ್ಲ. ಹುಡುಗರು ಒರೆಸೋಣ ಅಂತ ಒಂದು ಕ್ಷಣ ಮೇಲೆತ್ತುತ್ತಾರೆ. ಆ ಒಂದು ಕ್ಷಣ ಸಾಕು. ಮೈಗೆ ಬಡಿದರೆ ನಾಲ್ಕು ದಿನದ ಗುರುತು, ಕಣ್ಣಿಗೆ ಬಡಿದರೆ ಕಣ್ಣೇ ಹೋಗಬಹುದು.

ಅಕ್ಕ: ಅಯ್ಯೋ, ನನ್ನ ಮಗ ನಂಬರ್ ಕನ್ನಡಕ ಹಾಕುತ್ತಾನೆ.

ನಾನು: ಹೌದು ಅಕ್ಕಾ, ಅವನಿಗೆ ಕನ್ನಡಕದ ಮೇಲೆ ಕೂರುವ ದೊಡ್ಡ ಗಾಗಲ್ ಬೇಕು, ಸುತ್ತ ಮುಚ್ಚಿರಬೇಕು. ಮುಖದ ಕೆಳಭಾಗಕ್ಕೆ ಜಾಲರಿ ಮಾಸ್ಕ್ ಇರಲಿ, ಹಲ್ಲು ಉಳಿಯುತ್ತವೆ. ಜಾಕೆಟ್‌ಗೆ ಇಟ್ಟ 3,200ರಲ್ಲಿ ಅರ್ಧ ಇದಕ್ಕೆ ಹೋಗಲಿ. ಬೆವರು ಹೊರಹಾಕುವ ಜಾಕೆಟ್, ಮಂಜಾಗದ ಗಾಗಲ್, ಎರಡನ್ನೂ ಒಟ್ಟಿಗೆ ನೋಡಬೇಕು.

ಅವ್ವ: ನಾನು ಸುಮ್ನೆ ದಪ್ಪ ಇರಲಿ ಅಂದೆ. ಕಣ್ಣಿನ ಮಾತು ನನಗೆ ಹೊಳೆಯಲಿಲ್ಲ. ಅದನ್ನೇ ಮೊದಲು ತಗೊಳ್ಳಿರಿ.

ತಮ್ಮ: ಅಣ್ಣಾ, ಆಯಿತು. ಅಂಗಡಿಯವರಿಗೆ ಫೋನ್ ಮಾಡಿ ಬೇಡ ಅನ್ನುತ್ತೇನೆ. ಆದರೆ ಲೈನಿಂಗ್ ಪೂರ್ತಿ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಡಿಸೆಂಬರ್‌ನಲ್ಲೂ ಆಡುತ್ತೇವೆ. ಬೆಳಗಾವಿ ಥಂಡಿ ನಿನಗೆ ಗೊತ್ತಿಲ್ಲವಾ?

ಮಾಮಾ: ಬಿಚ್ಚುವ ಲೈನಿಂಗ್ ಇರುವುದು ಸಿಗುತ್ತದೆ. 1965ರಲ್ಲಿ ಅಮೆರಿಕ ಸೇನೆ ತಂದ ಎಂ-65 ಜಾಕೆಟ್‌ನಲ್ಲೇ ಗುಂಡಿ ಹಾಕಿ ಕೂಡಿಸುವ ಲೈನಿಂಗ್ ಇತ್ತು.

ನಾನು: ಬೆಳಗ್ಗೆ ಕಾಯುವಾಗ ಹಾಕಲಿ, ಆಟ ಶುರುವಾದಾಗ ಬಿಚ್ಚಿಡಲಿ. ಅದಕ್ಕೆ ನಾನೂ ಒಪ್ಪಿದೆ. ತಗೊಳ್ಳುವಾಗ ಎರಡು ಕೈ ಮೇಲೆತ್ತಿ ನೋಡಿರಿ, ಸೊಂಟ ಕಾಣಬಾರದು. ಕುಕ್ಕರಗಾಲಲ್ಲಿ ಕೂತು ನೋಡಿರಿ, ಬೆನ್ನಿಗೆ ಬಿಗಿಯಬಾರದು. ಎದೆಯ ಜೇಬು ನೋಡಿ ಮರುಳಾಗಬೇಡಿ, ಮೇಲೆ ಸಾಮಾನು ಇಡುವ ವೆಸ್ಟ್ ಹಾಕಿದರೆ ಅದಕ್ಕೆ ಕೈಯೇ ಹೋಗುವುದಿಲ್ಲ. ತೋಳಿನ ಮೇಲೆ ಜೇಬು ಇರಲಿ. ಮೊಣಕೈಗೆ ಎರಡನೇ ಪದರ ಇರಲಿ, ನೆಲದ ಮೇಲೆ ತೆವಳುವಾಗ ಮೊದಲು ಸವೆಯುವುದು ಅದೇ.

ಸಣ್ಣ ಕಾಕಾ: ರವಿವಾರ ನಾನೂ ಖಡೇಬಜಾರಿಗೆ ಬರುತ್ತೇನೆ. ಬಟ್ಟೆ ಮುಟ್ಟಿ ನೋಡದೆ ಯಾರೂ ದುಡ್ಡು ಕೊಡಬೇಡಿ.

ಮಾಮಾ: ಹೋಗುವಾಗ ಬರುವಾಗ ಸಾದಾ ಅಂಗಿಯಲ್ಲಿರಿ. ಆಟದ ಸಾಮಾನು ಎಲ್ಲ ಚೀಲದೊಳಗೆ, ಜಿಪ್ ಹಾಕಿ. ಮೈದಾನದಲ್ಲಿ ಮಾತ್ರ ಹೊರಗೆ ತೆಗೆಯಬೇಕು.

ತಮ್ಮ: ಸರಿ ಮಾಮಾ. ಕಾಕಾ, ಹತ್ತು ಗಂಟೆಗೆ ಗಾಡಿ ತಂದು ಕರೆದುಕೊಂಡು ಹೋಗುತ್ತೇನೆ. ಅಕ್ಕಾ, ಅಳಿಯನ ಕನ್ನಡಕದ ಅಗಲ ಅಳತೆ ಮಾಡಿ ಇವತ್ತೇ ಕಳಿಸು.

ಅಕ್ಕ: ಈಗಲೇ ಟೇಪ್ ಹಿಡಿದಿದ್ದೇನೆ. 14 ಸೆಂಟಿಮೀಟರ್.