ಸ್ವಂತ ಬೈಕಿನಲ್ಲಿ ಅಂಗಡಿ ಕೆಲಸಕ್ಕೆ ಹೋದ ಹುಡುಗ ಬಿದ್ದರೆ ಜವಾಬ್ದಾರಿ ಯಾರದು? ಅನುಭವ ಇರುವವರು ಹೇಳಿ

ಪ್ರಶ್ನೆ – ಕೋಲಾರದಿಂದ

ನಮ್ಮದು ಕೋಲಾರದಲ್ಲಿ ಹನಿ ನೀರಾವರಿ ಪೈಪು, ಮೋಟಾರು ಸಾಮಾನಿನ ಅಂಗಡಿ. ಒಟ್ಟು 12 ಜನ ಇದ್ದಾರೆ. ಅದರಲ್ಲಿ ಐದಾರು ಹುಡುಗರು ದಿನಾ ಬೈಕಿನಲ್ಲಿ ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆ ತೋಟಗಳಿಗೆ ಹೋಗುತ್ತಾರೆ. ಅಳತೆ, ಫಿಟ್ಟಿಂಗ್, ವಸೂಲಿ ಎಲ್ಲಾ ಅವರೇ. ಎರಡು ಟಾಟಾ ಏಸ್ ಇವೆ. ಹೋದ ವಾರ ಒಬ್ಬ ಹುಡುಗ ಶ್ರೀನಿವಾಸಪುರ ರಸ್ತೆಯಲ್ಲಿ, ಒಕ್ಕಣೆಗೆ ಅಂತ ಹಾಸಿದ್ದ ಹುರುಳಿ ಮೇಲೆ ಸ್ಕಿಡ್ ಆಗಿ ಬಿದ್ದು ಕೈ ಮುರಿದುಕೊಂಡ. ಆಸ್ಪತ್ರೆ ಖರ್ಚು ನಾವೇ ಕೊಟ್ಟಿದ್ದೇವೆ. ನಮ್ಮ ಲೆಕ್ಕ ನೋಡುವವರು ಮಾತ್ರ "ಬೈಕ್ ಅವನದು, ಪೆಟ್ರೋಲ್ ದುಡ್ಡು ನೀವು ಕೊಡ್ತೀರಿ, ಅಲ್ಲಿಗೆ ನಿಮ್ಮ ಜವಾಬ್ದಾರಿ ಮುಗೀತು" ಅಂತಾರೆ. ಹೌದಾ? ನಿಮ್ಮ ಕಡೆ ಏನು ಮಾಡಿದ್ದೀರಿ, ದಯವಿಟ್ಟು ಹೇಳಿ.

ಉತ್ತರ – ನರಸಾಪುರ ಕಡೆ ಫ್ಯಾಕ್ಟರಿಯಲ್ಲಿ ಎಚ್‌ಆರ್ ಕೆಲಸ ಮಾಡುವವರು

ಸರ್, ಮುಗಿಯಲ್ಲ. ಬೈಕ್ ಯಾರದು ಅನ್ನೋದು ಇಲ್ಲಿ ಮುಖ್ಯವೇ ಅಲ್ಲ, ಅವನು ಯಾರ ಕೆಲಸದ ಮೇಲೆ ಹೋಗಿದ್ದ ಅನ್ನೋದು ಮುಖ್ಯ. ನಿಮ್ಮ ಹತ್ತಿರ 12 ಜನ ಇದ್ದಾರೆ ಅಂದಮೇಲೆ ಇಎಸ್‌ಐ, ಅಂದರೆ ಸರ್ಕಾರದ ನೌಕರರ ವಿಮೆ, ಮಾಡಿಸಲೇಬೇಕು. 10 ಜನ ಆದರೆ ಸಾಕು, ಅಂಗಡಿಗೂ ಬರುತ್ತದೆ. ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಇರುವವರೆಲ್ಲ ಅದರೊಳಗೆ ಬರುತ್ತಾರೆ. ನಿಮ್ಮ ಪಾಲು 3.25%, ಅವರದು 0.75%. ಕಾಯಿಲೆಗಾದರೆ ಇಷ್ಟು ದಿನ ಕಟ್ಟಿರಬೇಕು ಅಂತ ಲೆಕ್ಕ ಇದೆ, ಕೆಲಸದಲ್ಲಿ ಆದ ಗಾಯಕ್ಕೆ ಹಾಗಿಲ್ಲ. ಸೇರಿದ ದಿನವೇ ಬಿದ್ದರೂ ಬರುತ್ತದೆ, ಮನೆಯಲ್ಲಿ ಕೂತ ದಿನಗಳಿಗೆ ಸಂಬಳದ 90% ಸಿಗುತ್ತದೆ. ಇಎಸ್‌ಐ ವ್ಯಾಪ್ತಿಗೆ ಬರದವರಿಗೆ 1923ರ ಕಾಯ್ದೆಯಿಂದ ನಡೆದುಕೊಂಡು ಬಂದಿರುವ ನೌಕರರ ಪರಿಹಾರ ಇದೆ, ಅದನ್ನು ಮಾಲೀಕರೇ ಕೊಡಬೇಕು.

ಇನ್ನೊಂದು, ಇದನ್ನು ಯಾರೂ ನೋಡಲ್ಲ. ಹುಡುಗರ ಬೈಕಿನ ಇನ್ಶೂರೆನ್ಸ್ ಕಾಗದ ತರಿಸಿ, ಆರ್‌ಸಿ ಪಕ್ಕದಲ್ಲಿಟ್ಟು ನೋಡಿ. ಬರೀ ಥರ್ಡ್ ಪಾರ್ಟಿ ಇದ್ದರೆ ಬಿದ್ದ ಸವಾರನಿಗೆ ಒಂದು ಪೈಸೆಯೂ ಬರಲ್ಲ. 15 ಲಕ್ಷದ ಪಿಎ ಕವರ್ (ವೈಯಕ್ತಿಕ ಅಪಘಾತ ವಿಮೆ) ಅಂತ ಒಂದಿದೆ, ಅದು ಗಾಡಿಯ ಓನರ್ ತಾನೇ ಓಡಿಸುತ್ತಿದ್ದರೆ ಮಾತ್ರ, ಡಿಎಲ್ ಸರಿಯಾಗಿದ್ದರೆ ಮಾತ್ರ. ನಮ್ಮ ಕಡೆ ಅರ್ಧಕ್ಕರ್ಧ ಬೈಕು ಅಪ್ಪನ ಹೆಸರಲ್ಲಿ, ಇಲ್ಲಾ ಭಾವನ ಹೆಸರಲ್ಲಿ ಇರುತ್ತವೆ. ಓಡಿಸೋನು ಮಗ. ಆಗ ಆ 15 ಲಕ್ಷ ಸುಮ್ನೆ ಕಾಗದದ ಮೇಲೆ. ನಾವು ಫೀಲ್ಡಿಗೆ ಹೋಗುವ ಎಲ್ಲರನ್ನೂ ಸೇರಿಸಿ ಒಂದು ಗ್ರೂಪ್ ಅಪಘಾತ ವಿಮೆ ಮಾಡಿಸಿದ್ದೇವೆ. ದೊಡ್ಡ ದುಡ್ಡೇನಲ್ಲ.

ಏಸ್ ಡ್ರೈವರ್‌ಗಳ ಡಿಎಲ್ ಬಗ್ಗೆ ಯಾರಾದರೂ ಹೆದರಿಸಿದರೆ ಹೆದರಬೇಡಿ. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದರೆ 7,500 ಕೆಜಿ ಒಳಗಿನ ಗೂಡ್ಸ್ ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಆದರೆ ಅವಧಿ ಮುಗಿದಿದೆಯಾ ಅಂತ ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟರೆ ಗಾಡಿಯವರ ಮೇಲೂ ಕೇಸು.

ಉತ್ತರ – ಎಪಿಎಂಸಿಯಲ್ಲಿ ಟೊಮೆಟೊ ಲೋಡ್ ಕಳಿಸುವವರು

ಮೇಡಂ ವಿಮೆ ಎಲ್ಲಾ ಹೇಳಿದ್ದಾರೆ, ಸರಿ. ಆದರೆ ಅದೆಲ್ಲ ಬಿದ್ದ ಮೇಲಿನ ಮಾತು ಅಲ್ವಾ? ನಾನು ಬೀಳದ ಹಾಗೆ ಏನು ಮಾಡೋದು ಅಂತ ಹೇಳ್ತೀನಿ.

ಡ್ರೈವರ್‌ಗಳನ್ನು ಕೆಡಿಸೋದು ರಸ್ತೆ ಅಲ್ಲ, ನಾವು ಕೊಡುವ ಟೈಮು. ಇಲ್ಲಿಂದ ಚೆನ್ನೈ ಮಾರ್ಕೆಟ್ಟಿಗೆ ಹತ್ತಿರ ಹತ್ತಿರ 270 ಕಿ.ಮೀ. ಲೋಡ್ ಗಾಡಿ, ಟೋಲು, ಚೆಕ್‌ಪೋಸ್ಟು ಎಲ್ಲಾ ಸೇರಿ ಗಂಟೆಗೆ ಸರಾಸರಿ 45ರ ಮೇಲೆ ಬರಲ್ಲ. ಅಂದರೆ ಆರು ಗಂಟೆ ಬೇಕೇ ಬೇಕು. ಈಗ ಹರಾಜು ತಡ ಆಗಿ, ಬಾಕ್ಸ್ ತುಂಬುವುದು ತಡ ಆಗಿ, ಗಾಡಿ ರಾತ್ರಿ 11ಕ್ಕೆ ಹೊರಟಿತು ಅಂತಿಟ್ಟುಕೊಳ್ಳಿ. ಅಲ್ಲಿನ ಮಂಡಿಯವರು ನಾಲ್ಕಕ್ಕೇ ಇರಬೇಕು ಅಂತಾರೆ. ನಾವೂ ಹೂಂ ಅಂತ ಒಪ್ಪಿಕೊಂಡು ಡ್ರೈವರ್‌ಗೆ ಫೋನ್ ಮಾಡಿ "ಸ್ವಲ್ಪ ಒತ್ತು ಕಣೋ" ಅಂತೀವಿ. ಆ ಒಂದು ಗಂಟೆ ಎಲ್ಲಿಂದ ಬರುತ್ತದೆ? ಆಕ್ಸಿಲರೇಟರ್‌ನಿಂದಲೇ ಬರಬೇಕು, ಇಲ್ಲಾ ಟೀ ಕುಡಿಯದೆ, ಒಂದಕ್ಕೂ ಇಳಿಯದೆ ಓಡಿಸಬೇಕು.

ಕಾನೂನು ಇದನ್ನೇ ಹಿಡಿಯುತ್ತದೆ, ಬಹಳ ಜನ ಮಾಲೀಕರಿಗೆ ಗೊತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಓದಿ. ಸ್ಪೀಡಾಗಿ ಓಡಿಸಿದವನಿಗಷ್ಟೇ ಅಲ್ಲ, ಕೆಲಸದವನ ಕೈಲಿ ಹಾಗೆ ಓಡಿಸಿದವರಿಗೂ ದಂಡ. ಇಷ್ಟು ಹೊತ್ತಿಗೆ ತಲುಪಲೇಬೇಕು ಅಂತ ಹೇಳಿ, ಸ್ಪೀಡ್ ಲಿಮಿಟ್ ಮೀರದೆ ಆ ಹೊತ್ತಿಗೆ ತಲುಪುವುದು ಆಗದ ಮಾತು ಅಂತ ಕೋರ್ಟಿಗೆ ಅನ್ನಿಸಿದರೆ, ಹಾಗೆ ಹೇಳಿದ್ದೇ ಹೇಳಿದವರ ಮೇಲೆ ಮೇಲ್ನೋಟದ ಸಾಕ್ಷಿ. ವಾಟ್ಸಾಪ್‌ನಲ್ಲಿ "4 ಗಂಟೆ ಶಾರ್ಪ್" ಅಂತ ಹಾಕುವವರು ಸ್ವಲ್ಪ ಯೋಚನೆ ಮಾಡಿ.

ನಮ್ಮಲ್ಲಿ ಈಗ ಲೋಡ್ ಎಷ್ಟು ತಡವೋ ತಲುಪುವುದೂ ಅಷ್ಟೇ ತಡ. ಮಂಡಿಯವರಿಗೆ ಫೋನ್ ಮಾಡುವುದು ಆಫೀಸಿನ ಕೆಲಸ, ಡ್ರೈವರ್ ಮಾಡುವ ಹಾಗಿಲ್ಲ. ಬೇಗ ಬಂದವನಿಗೆ ಇನಾಮು ಅಂತ ಕೊಡುತ್ತಿದ್ದೆವು, ಅದನ್ನು ನಿಲ್ಲಿಸಿ ಬೇಟಾ (ಡ್ರೈವರ್ ಭತ್ಯೆ) ಜಾಸ್ತಿ ಮಾಡಿದ್ದೇವೆ. ಇನ್ನೊಂದು, ಲೋಡಿಗೆ ಕಾಯುವ ಹೊತ್ತನ್ನು ರೆಸ್ಟ್ ಅಂತ ಲೆಕ್ಕ ಹಿಡಿಯಬೇಡಿ. ಯಾರ್ಡಿನ ಬಿಸಿಲಲ್ಲಿ, ಹಮಾಲರ ಕೂಗಾಟದಲ್ಲಿ ಕ್ಯಾಬಿನ್‌ನಲ್ಲಿ ಕೂತವನಿಗೆ ಎಲ್ಲಿಯ ನಿದ್ದೆ? ದಿನಕ್ಕೆ 8 ಗಂಟೆ ಕೆಲಸ, ಐದು ಗಂಟೆಗೆ ಮುಂಚೆ ಅರ್ಧ ಗಂಟೆ ಬಿಡುವು ಅನ್ನೋದು 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯ ಕಾಲದಿಂದ ಇದೆ. ಅದನ್ನು ಯಾರು ಪಾಲಿಸ್ತಾರೆ ಅಂತ ಕೇಳಬೇಡಿ. ರಾತ್ರಿ ಗಾಡಿಯವನಿಗೆ ಸಂಜೆ ಮಲಗಲು ಫ್ಯಾನ್ ಇರುವ ಒಂದು ರೂಮು ಕೊಟ್ಟಿದ್ದೇವೆ, ಗಾಡಿ ತುಂಬುವಾಗ ಬೇರೆ ಹುಡುಗ ನಿಂತು ಬಾಕ್ಸ್ ಎಣಿಸುತ್ತಾನೆ.

ಉತ್ತರ – ಬೀಜದ ಕಂಪನಿಯ ಫೀಲ್ಡ್ ಕೆಲಸದವರು, ಚಿಂತಾಮಣಿ

ಅಣ್ಣಾ, ನಾನು ಬೈಕ್ ಓಡಿಸುವ ಕಡೆಯಿಂದ ಹೇಳ್ತೀನಿ. ನಮಗೆ ದೊಡ್ಡ ಅಪಾಯ ಬಾಸ್ ಫೋನು. "ಎಲ್ಲಿದ್ದೀಯಾ?" ಅಂತ ರಿಂಗ್ ಆಗುತ್ತದೆ. ಎತ್ತದಿದ್ದರೆ ಸಂಜೆ ಬೈಗುಳ, ಎತ್ತಿದರೆ ಹೆಲ್ಮೆಟ್ ಒಳಗೆ ಫೋನ್ ತುರುಕಿಕೊಂಡು ಮಾತಾಡಬೇಕು. ಹುಡುಗರಿಗೆ "ಓಡಿಸುವಾಗ ಎತ್ತಬೇಡಿ" ಅಂದರೆ ಸಾಲದು, ನೀವು ಮಾಡಬಾರದು. ಮೆಸೇಜ್ ಹಾಕಿ ಬಿಡಿ, ನಿಂತಾಗ ನೋಡ್ತಾರೆ.

ಮತ್ತೆ ಪೈಪ್. 20 ಅಡಿ ಪೈಪನ್ನು ಹಿಂದೆ ಕೂತವನ ಹೆಗಲ ಮೇಲೆ ಇಡಿಸಿಕೊಂಡು ಬೈಕಿನಲ್ಲಿ ಹೋಗುವುದನ್ನು ನಿಮ್ಮೂರಲ್ಲಿ ದಿನಾ ನೋಡ್ತೀನಿ, ಕೆರೆ ಏರಿ ತಿರುವಿನಲ್ಲಿ ಎದುರಿನವನ ಮುಖಕ್ಕೇ ಬರುತ್ತದೆ. ಗಾಡಿಯಿಂದ ಆಚೆಗೆ ಚಾಚುವ ಲೋಡಿಗೆ 20,000 ದಂಡ ಇದೆ, ಓಡಿಸಲು ಬಿಟ್ಟವರಿಗೂ ಸೇರಿ. ಪೈಪ್, ಲ್ಯಾಟರಲ್ (ಸಣ್ಣ ಹನಿ ಪೈಪು) ಸುರುಳಿ ಎಲ್ಲಾ ಏಸ್‌ನಲ್ಲೇ ಹೋಗಲಿ.

ಉತ್ತರ – ಬಂಗಾರಪೇಟೆ, ಹಾರ್ಡ್‌ವೇರ್ ಅಂಗಡಿ

ಓದೋಕೆ ಚೆನ್ನಾಗಿದೆ. ಸಣ್ಣ ಅಂಗಡಿಯವನು ಹೆಲ್ಮೆಟ್, ವಿಮೆ, ಇಎಸ್‌ಐ, ರೂಮು, ಫ್ಯಾನು ಅಂತ ಹೋದರೆ ಉಳಿಯೋದೇನು? ಪಕ್ಕದ ಅಂಗಡಿಯವನು ಇದ್ಯಾವುದೂ ಮಾಡಲ್ಲ, ಗಿರಾಕಿ ಅಲ್ಲಿಗೇ ಹೋಗ್ತಾನೆ.

ಉತ್ತರ – ಟೊಮೆಟೊ ಲೋಡ್ ಕಳಿಸುವವರು

ಗುರುಗಳೇ, ಇದರಲ್ಲಿ ದುಡ್ಡು ಬೇಡದ್ದೇ ಜಾಸ್ತಿ ಇವೆ. ಫೋನ್ ಮಾಡದಿರೋಕೆ ಎಷ್ಟು ಖರ್ಚಾಗುತ್ತೆ? ಒಬ್ಬನಿಗೆ ಬೆಳಗ್ಗೆ ಮುಳಬಾಗಿಲು, ಮಧ್ಯಾಹ್ನ ಚಿಂತಾಮಣಿ ಅಂತ ಹಾಕದೆ ದಿನಕ್ಕೊಂದು ದಿಕ್ಕು ಹಂಚಿದರೆ ಪೆಟ್ರೋಲೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಆರ್‌ಸಿ ತರಿಸಿ ನೋಡಿದೆ, ಮೂರು ಬೈಕು ಬೇರೆಯವರ ಹೆಸರಲ್ಲೇ ಇವೆ. ಆ ಹುಡುಗನ ಕೈ ವಾಸಿಯಾಗುವವರೆಗೆ ಪೂರ್ತಿ ಸಂಬಳ ಕೊಡ್ತೀವಿ, ಇಎಸ್‌ಐ ಅರ್ಜಿ ಶುರು ಮಾಡಿದ್ದೇವೆ. ಸಂಜೆ ಆರರ ಮೇಲೆ ವಸೂಲಿಗೆ ಯಾರನ್ನೂ ಕಳಿಸಲ್ಲ, ಒಕ್ಕಣೆ ಮುಗಿಯುವವರೆಗೆ ಅಂತೂ ಖಂಡಿತ ಇಲ್ಲ. ಕತ್ತಲಲ್ಲಿ ರಸ್ತೆ ಮೇಲಿನ ಹುರುಳಿ ಕಾಣಲ್ಲ. ಒಂದೇ ಡೌಟು, ದೂರದಲ್ಲಿ ಯಾರಾದರೂ ಬಿದ್ದರೆ ಮೊದಲು ಏನು ಮಾಡಬೇಕು ಅಂತ ಹುಡುಗರಿಗೆ ಹೇಳಿಕೊಡಲಿ?

ಉತ್ತರ – ನರಸಾಪುರದ ಎಚ್‌ಆರ್

ಮೊದಲು 108. ನ್ಯಾಷನಲ್ ಹೈವೇಯಲ್ಲಾದರೆ ಅದರ ಸಹಾಯವಾಣಿ 1033ಕ್ಕೂ ಮಾಡಬಹುದು. ಆಮೇಲೆ ನಿಮಗೆ. ರಸ್ತೆ ಅಪಘಾತಕ್ಕೆ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಇದೆ, ಅದರ ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋಗಬೇಕು. ಪೊಲೀಸರಿಗೆ ತಿಳಿಸುವುದನ್ನು ಬಿಡಬೇಡಿ, ಚಿಕ್ಕ ಗಾಯ ಅಂತ ರಾಜಿ ಮಾಡಿಕೊಂಡು ಬಂದರೆ ಆಮೇಲೆ ಕ್ಲೇಮಿಗೆ ಕಾಗದವೇ ಇರಲ್ಲ. ಪ್ರತಿಯೊಬ್ಬರ ರಕ್ತದ ಗುಂಪು, ಮನೆಯವರ ನಂಬರ್ ಬರೆದು ಹೆಲ್ಮೆಟ್ ಒಳಗೆ ಅಂಟಿಸಿ. ಫೋನ್ ಲಾಕ್ ಆಗಿರುತ್ತೆ, ತೆಗೆಯೋಕೆ ಆಗಲ್ಲ.